ಅಕ್ವಿಲೊ ಎಂಬ ಕೂಗು

ತನ್ನ ಜಾಗದಲ್ಲಿ ಯಾರೋ ಕೂತಿದ್ದರು. ಉರ್ಸೊ ಮೆಟ್ಟಿಲ ತುದಿಯಲ್ಲೇ ನಿಂತ. ಎಡಕ್ಕೆ ನೋಡಿದರೆ ಕಣ್ಣು ಸೋಲುವಷ್ಟು ದೂರ ಖಾಲಿ ಕಲ್ಲಿನ ಸಾಲು, ಬಲಕ್ಕೂ ಅದೇ, ಓಟದಂಗಳದ ಎದುರು ದಡದಲ್ಲಿ ಪಲಟೈನ್ ಗುಡ್ಡದ ಬುಡಕ್ಕೆ ಅಂಟಿಕೊಂಡ ಸಾಲುಗಳಲ್ಲಿ ಎರಡು ಮೇಕೆ. ರೋಮಿನಲ್ಲಿ ಈಗ ಉಳಿದಿರುವ ಅಷ್ಟೂ ಜನ ಬಂದು, ಕಾಲು ಚಾಚಿ, ಮಲಗಿ, ಹೊರಳಾಡಿದರೂ ಈ ಓಟದಂಗಳದ ಒಂದು ಮೂಲೆ ತುಂಬುವುದಿಲ್ಲ. ಅಂಥದರಲ್ಲಿ, ರಥದ ಓಟದ ದಿನ ಹಸಿರು ಬಣದ ಕೂಗಾಳು ನಿಲ್ಲುವ ಆ ಒಂದೇ ಒಂದು ಕಲ್ಲಿನ ಮೇಲೆ, ಅವನ ಅಪ್ಪ ನಿಂತ, ಅಪ್ಪನ ಅಪ್ಪ ನಿಂತ, ಇಬ್ಬರ ಹಿಮ್ಮಡಿಗೂ ಸವೆದು ಬಟ್ಟಲಿನ ಹಾಗೆ ಗುಳಿಬಿದ್ದ ಕಲ್ಲಿನ ಮೇಲೆ, ಒಬ್ಬ ಮುದುಕಿ ನೀಲಿ ಶಾಲು ಹೊದ್ದು, ಚಳಿಗಾಲದ ಬಿಸಿಲಿಗೆ ಮಂಡಿ ಒಡ್ಡಿ, ಬೇಯಿಸಿದ ಕಡಲೆ ತಿನ್ನುತ್ತಿದ್ದಳು. ನೀಲಿ ಶಾಲು. ಹಸಿರಿನವರ ಕಲ್ಲಿನ ಮೇಲೆ. ಅಪ್ಪ ಬದುಕಿದ್ದರೆ ಇಷ್ಟಕ್ಕೇ ಊರಿನ ಅರ್ಧ ಮೂಗುಗಳು ಒಡೆದುಹೋಗುತ್ತಿದ್ದವು. ಉರ್ಸೊನಿಗೂ ಸಿಟ್ಟು ಬರಬೇಕಿತ್ತು. ಹತ್ತಿರ ಹೋದಾಗ ಬಂದದ್ದು ಹೆದರಿಕೆ. ಅವಳು ಪ್ರೊಯೆಕ್ಟ. ಮುತ್ತಿಗೆಯ ಚಳಿಗಾಲದಲ್ಲಿ, ನೀರು ಬರುವುದು ನಿಂತು ಒಣಗಿಹೋದ ಸ್ನಾನಗೃಹದ ಅಂಗಳದಲ್ಲಿ ಹಂಡೆ ಇಟ್ಟವಳು.

"ಏಳಮ್ಮ. ಅದು ನನ್ ಜಾಗ."

"ಯಾವನ್ಲೇ ಅದು ಬಿಸಿಲಿಗಡ್ಡ? ಓಹೋ, ಹಸಿರು ಗಂಟ್ಲು! ಬಾ ಮಗಾ, ಬಾ. ಇಷ್ಟ್ ದೊಡ್ ಅಂಗಳದಲ್ಲಿ ನಿಂಗೆ ಬೇರೆ ಕಲ್ಲೇ ಸಿಗ್ಲಿಲ್ವಾ?"

"ನಿಮ್ ಬಣದ ಕಡೆ ರಾಶಿ ಕಲ್ಲು ಬಿದ್ದಿದೆ. ಅಲ್ಲಿ ಹೋಗಿ ಕೂತ್ಕೊ."

"ಅಲ್ಲಿ ನೆರಳು. ನನ್ ಮಂಡಿಗೆ ಬಣ ಗೊತ್ತಾಗಲ್ಲ ಕಣೋ, ಬಿಸಿಲು ಗೊತ್ತಾಗತ್ತೆ. ಬೇಕಾದ್ರೆ ಪಕ್ಕಕ್ಕೆ ನಿಂತ್ಕೊ. ಕೂಗೋದು ಗಂಟ್ಲು ತಾನೆ, ಹಿಮ್ಮಡಿ ಅಲ್ವಲ್ಲ."

ಅವನು ಪಕ್ಕಕ್ಕೆ ನಿಂತ. ನಿಂತ ಮೇಲೆ ಇದೇನು ನಾನು ಇಷ್ಟು ಬೇಗ ಒಪ್ಪಿಕೊಂಡೆ ಅನ್ನಿಸಿತು. ಮೊದಲಿನ ಉರ್ಸೊ ಹೀಗೆ ಪಕ್ಕಕ್ಕೆ ನಿಲ್ಲುವ ಜಾತಿಯವನಲ್ಲ. ಮೊದಲಿನ ಉರ್ಸೊ ನೀಲಿ ಬಣದ ಕೂಗಾಳಿನ ದನಿಯನ್ನು ಕದ್ದು, ಕಂಬದ ಹಿಂದೆ ಅಡಗಿ ಅವರದೇ ಕೂಗನ್ನು ಅವರದೇ ಗತ್ತಿನಲ್ಲಿ ಶುರುಮಾಡಿ, ಕೊನೆಯಲ್ಲಿ ಹಸಿರು ಕುದುರೆಯ ಹೆಸರು ತಗಲಿಸಿ, ಸಾವಿರಾರು ನೀಲಿಯವರ ಬಾಯಲ್ಲೇ ಹಸಿರಿಗೆ ಜೈ ಅನ್ನಿಸಿ ಓಡಿಹೋಗಿದ್ದವನು. ಅವತ್ತು ಅಪ್ಪ ಎಲ್ಲರೆದುರು ಕಪಾಳಕ್ಕೆ ಹೊಡೆದು, ಮನೆಯ ಬಾಗಿಲು ಹಾಕಿದ ಮೇಲೆ ನಗುತ್ತ ನೆಲದಲ್ಲಿ ಕೂತುಬಿಟ್ಟಿದ್ದ. ನಾನು ಒಂದು ಸಲ ಕೂಗಿದರೆ ಗುಡ್ಡದ ಮೇಲಿನ ಅರಮನೆಯ ಹೆಂಚು ಎರಡು ಸಲ ಉದುರುತ್ತದೆ ಎಂದು ಉರ್ಸೊ ಹೆಂಡದಂಗಡಿಯ ಮೇಜಿನ ಮೇಲೆ ಹತ್ತಿ ಹೇಳುತ್ತಿದ್ದ, ಜನ ಶಿಳ್ಳೆ ಹೊಡೆಯುತ್ತಿದ್ದರು. ಈಗ ಹೆಂಚು ತಾನಾಗಿಯೇ ಉದುರಿದೆ. ಹೆಂಡದಂಗಡಿಯ ಜಾಗದಲ್ಲಿ ತುರಿಕೆ ಸೊಪ್ಪು ಬೆಳೆದಿದೆ. ಇವನು ಅಕ್ಕಪಕ್ಕ ಯಾರೂ ಕೇಳುತ್ತಿಲ್ಲ ತಾನೆ ಎಂದು ನೋಡಿಕೊಂಡು, ಗಂಟಲು ಸರಿಮಾಡಿಕೊಂಡು, ಸುಮ್ಮನೆ "ಓ" ಎಂದ. ಆ "ಓ" ಓಟದಂಗಳದ ಆಚೆ ದಡಕ್ಕೆ ಹೋಗಿ, ಅಲ್ಲಿಯ ಖಾಲಿ ಸಾಲುಗಳಿಗೆ ತಾಗಿ, ಬೆಕ್ಕಿನ ಮರಿಯ ದನಿಯಾಗಿ ತಿರುಗಿ ಬಂತು. ಮೇಕೆಗಳು ತಲೆ ಕೂಡ ಎತ್ತಲಿಲ್ಲ.

"ಶೀತ ಆಗಿದ್ಯಾ?" ಎಂದಳು ಪ್ರೊಯೆಕ್ಟ.

"ಹ್ಞೂ. ಶೀತ."

"ಹೋದ್ ಚಳಿಗಾಲ್ದಲ್ಲೂ ಶೀತ. ಅದರ ಹಿಂದಿನ ಚಳಿಗಾಲ್ದಲ್ಲೂ ಶೀತ. ಬೇಸಿಗೇಲೂ ಶೀತ. ಒಳ್ಳೆ ಮಾಲು ಕಣೋ ನಿನ್ ಶೀತ, ಸವೆಯೋದೇ ಇಲ್ಲ." ಅವಳು ಕಡಲೆಯ ಬಟ್ಟಲು ಚಾಚಿದಳು. ಅವನು ಬೇಡವೆಂದ. ಅವಳ ಕೈಯಿಂದ ಏನನ್ನೂ ತೆಗೆದುಕೊಂಡು ತಿನ್ನುವುದು ಅವನಿಂದ ಆಗುತ್ತಿರಲಿಲ್ಲ. ಆ ಕೈ ಒಮ್ಮೆ ಬಡಿಸಿದ್ದನ್ನು ಅವನು ನಿಂತಲ್ಲೇ, ಬಿಸಿಯಾರುವ ಮೊದಲೇ, ನಾಲಗೆ ಸುಟ್ಟುಕೊಂಡು ತಿಂದಿದ್ದ.

ಕೆಳಗೆ ಓಟದ ಹಾದಿಯಲ್ಲಿ ಇನ್ನೂ ಬಾರ್ಲಿಯ ವಾಸನೆ ಇತ್ತು. ಸಾಮ್ರಾಟನ ಕಾವಲುಪಡೆ ಊರು ಕಾಯುತ್ತಿದ್ದಾಗ ಹೊಟ್ಟೆಪಾಡಿಗೆಂದು ಇಲ್ಲೇ ಬಿತ್ತಿಸಿತ್ತು. ಈಗ ಕೋಟೆ ಗೋಥರದು. ಉಪವಾಸ ಕೆಡವಿ ಊರು ಗೆದ್ದವರೇ ಈಗ ಊರಿಗೆ ಓಟ ಕೊಡುತ್ತಿದ್ದಾರೆ. ಮೊಳಕೆಯ ಮೇಲೆ ಮರದ ದಿಮ್ಮಿ ಉರುಳಿಸಿ, ಮರಳು ಚೆಲ್ಲಿ, ಸುತ್ತು ಎಣಿಸುವ ಕಂಚಿನ ಮೊಟ್ಟೆಗಳನ್ನು ಯಾರೋ ಕದ್ದೊಯ್ದಿದ್ದರಿಂದ ಆ ಜಾಗದಲ್ಲಿ ಒಣ ಸೋರೆಬುರುಡೆಗಳನ್ನು ಸಾಲಾಗಿ ಇಟ್ಟಿದ್ದರು. ಬಿಳಿ ಬಣ, ಕೆಂಪು ಬಣಗಳಿಗೆ ಸಾರಥಿ ಇಲ್ಲ, ಕುದುರೆ ಇಲ್ಲ, ಕೊನೆಗೆ ತೊಡಲು ಬಣ್ಣದ ಅಂಗಿ ಕೂಡ ಇಲ್ಲ. ಹಸಿರು, ನೀಲಿ ಎರಡೇ ರಥ. ಮೊನ್ನೆ ಗೋಥರ ಅಧಿಕಾರಿ ವಿಲ್ಯಾರಿತ್, ನಮ್ಮ ಮಾತನ್ನು ಕೊಡಲಿಯಿಂದ ಕಡಿದು ಕಡಿದು ಆಡುವವನು, ಉರ್ಸೊನನ್ನು ಕರೆಸಿ ಹೆಗಲ ಮೇಲೆ ಕೈಯಿಟ್ಟಿದ್ದ. "ನೀ ಕೂಗು. ಜನ ಕೂಗು. ದೊಡ್ಡ ಕೂಗು. ನಮ್ಮ ಅಜ್ಜ ಹೇಳಿದಾನೆ, ರೋಮ್ ಕೂಗಿದ್ರೆ ಆಲ್ಪ್ಸ್‌ನಲ್ಲಿ ಹಸು ಕರು ಹಾಕ್ತಿತ್ತು ಅಂತ. ಕೂಗು ಇಲ್ಲ ಅಂದ್ರೆ," ಅವನು ನೆಲ ತೋರಿಸಿದ, "ಮತ್ತೆ ಬಾರ್ಲಿ." ಉರ್ಸೊ ತಲೆಯಾಡಿಸಿದ್ದ. ತಲೆಯಾಡಿಸುವುದಕ್ಕೆ ಗಂಟಲು ಬೇಕಾಗುವುದಿಲ್ಲ. ಆದರೆ ಇವತ್ತು ಬೆಳಿಗ್ಗೆ ಲಾಯದಲ್ಲಿ ಗೌದಿಯೋಸನ ಮುಂದೆ ತಲೆಯಾಡಿಸುವುದೂ ಕಷ್ಟವಾಗಿತ್ತು.

ಗೌದಿಯೋಸ ಹಸಿರಿನ ಸಾರಥಿ. ಗೆಳೆಯ. ಒಂದೇ ಬೀದಿಯ ಧೂಳು ತಿಂದವರು. ಕೋಟೆಯ ಬಾಗಿಲು ಮುಚ್ಚುವ ಮೊದಲು ಸಾಮ್ರಾಟನ ದಂಡು ಅವನನ್ನು ಸಾಮಾನಿನ ಗಾಡಿ ಹೊಡೆಯಲು ದಕ್ಷಿಣಕ್ಕೆ ಎಳೆದುಕೊಂಡು ಹೋಯಿತು. ನಾಲ್ಕು ಕುದುರೆಯ ರಥ ಹೊಡೆದು ಮಾಲೆ ಹಾಕಿಸಿಕೊಂಡವನು ಈರುಳ್ಳಿ ಮೂಟೆ ಹೊಡೆಯಲು ಹೋದ. ಹೋಗುವ ಗಳಿಗೆಯಲ್ಲಿ ಅಕ್ವಿಲೊನ ಹಗ್ಗವನ್ನು ಉರ್ಸೊನ ಕೈಗಿಟ್ಟು, "ಇವನು ನಿಂಗೆ. ನೋಡ್ಕೊ. ಹೆಸರು ಕೂಗಿದ್ರೆ ಸಾಕು, ಎಲ್ಲಿದ್ರೂ ಬರ್ತಾನೆ" ಎಂದಿದ್ದ. ಅಕ್ವಿಲೊ ಎಡಗಡೆಯ ಒಳಕುದುರೆ. ತಿರುವಿನ ಕಂಬವನ್ನು ನಾಲ್ಕು ಕುದುರೆಗಳಲ್ಲಿ ಅದೇ ಸುತ್ತಿಸಬೇಕು. ಆದ್ದರಿಂದ ಹಸಿರಿನವರ ಮೊದಲ ಕೂಗು ಯಾವತ್ತೂ ಒಳಕುದುರೆಯ ಹೆಸರಿನಲ್ಲೇ. ಕೂಗಾಳು ಹೆಸರು ಎತ್ತಬೇಕು, ಜನ "ಗೆಲ್ಲು" ಅನ್ನಬೇಕು. ಈ ಶರತ್ಕಾಲದಲ್ಲಿ ಮರಳಿ ಬಂದ ಗೌದಿಯೋಸ ಮೊದಲು ಕೇಳಿದ್ದೇ ಅಕ್ವಿಲೊ ಎಲ್ಲಿ ಎಂದು. ಕಾಯಿಲೆ ಬಂತು, ಸತ್ತ, ಅಂಜೂರದ ಮರದ ಕೆಳಗೆ ಹೂತೆ ಎಂದು ಉರ್ಸೊ ಹೇಳಿದ. ಹೇಳುವಾಗ ಅಳು ಕೂಡ ಬಂತು, ನಿಜವಾದ ಅಳು. ಗೌದಿಯೋಸ ಅವನನ್ನು ತಬ್ಬಿಕೊಂಡು ಸಮಾಧಾನ ಮಾಡಿದ. ಅದೇ ಎಲ್ಲಕ್ಕಿಂತ ಹೀನವಾದದ್ದು. ಮಾರನೆಯ ದಿನ ಗೌದಿಯೋಸ ಹೋಗಿ ಮರದ ಕೆಳಗೆ ಒಂದು ಹಿಡಿ ಓಟ್ಸ್ ಚೆಲ್ಲಿ ಬಂದ. ಹಸಿದ ಊರಿನಲ್ಲಿ, ಒಂದು ಹಿಡಿ ಓಟ್ಸ್. ಇವನು ಮರೆಯಲ್ಲಿ ನಿಂತು ನೋಡಿದ. ಗುಬ್ಬಿಗಳು ಬಂದವು.

ಬೆಳಿಗ್ಗೆ ಲಾಯದಲ್ಲಿ ಗೌದಿಯೋಸ ಸೊಂಟಕ್ಕೆ ಲಗಾಮು ಸುತ್ತಿಕೊಳ್ಳುತ್ತ ನಗುತ್ತಿದ್ದ. "ನೋಡೋ ನನ್ ಸೈನ್ಯ. ಎರಡು ಗೋಥರ ಕುದುರೆ, ಲಗಾಮು ಅಂದ್ರೆ ಉರಿದು ಬೀಳ್ತವೆ. ಮೂರನೇದು ಕುದುರೇನೋ ಹೇಸರಗತ್ತೇನೋ ಅದರ ಅವ್ವನ್ನೇ ಕೇಳಬೇಕು. ಒಳಗಡೆಗೆ ಇವನು." ಇವನು ಅಂದರೆ ಒಂದು ಬೂದು ಬಣ್ಣದ ಗಿರಣಿ ಕುದುರೆ. ವರ್ಷಗಟ್ಟಲೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು ಬೀಸುವ ಕಲ್ಲಿನ ಸುತ್ತ ಎಡಕ್ಕೇ ತಿರುಗಿ ತಿರುಗಿ, ಬಿಟ್ಟರೂ ಎಡಕ್ಕೇ ವಾಲುತ್ತಿತ್ತು. "ತಿರುವಲ್ಲಿ ಇವನನ್ನ ಮೀರಿಸೋನು ಹುಟ್ಟಿಲ್ಲ ಮಗಾ. ಒಂದೇ ತೊಂದರೆ. ಗಿರಣಿಯವನು ಇಡೀ ದಿನ ಪಕ್ಕದಲ್ಲಿ ನಿಂತು ಕೂಗ್ತಾ ಇದ್ನಂತೆ. ಕೂಗು ಇದ್ರೆ ಓಡ್ತಾನೆ. ಕೂಗು ನಿಂತ್ರೆ ಬೀಸಿದ್ದು ಆಯ್ತು ಅಂತ ನಿಂತ್ಕೊತಾನೆ. ಒಂದು ಹೆಜ್ಜೆ ಇಡಲ್ಲ, ಚಾಟಿ ಮುರಿದ್ರೂ ಇಡಲ್ಲ."

"ಹೆಸರೇನು?"

"ಹೆಸರೇ ಇಲ್ಲ ಕಣೋ. ಗಿರಣೀಲಿ ಯಾರು ಹೆಸರಿಡ್ತಾರೆ? ಅಕ್ವಿಲೊ ಅಂತಾನೇ ಕೂಗು. ಆ ಹೆಸರು ಖಾಲಿ ಇದೆಯಲ್ಲ." ಗೌದಿಯೋಸ ಅವನ ಕೆನ್ನೆ ತಟ್ಟಿದ. "ನೀನು ಕೂಗು, ನಾನು ಗೆಲ್ತೀನಿ. ನೀನು ನಿಲ್ಲಿಸಿದ್ರೆ ನಾನು ಅಂಗಳದ ಮಧ್ಯೆ ಕತ್ತೆ ಕಾಯ್ತಾ ನಿಂತಿರ್ತೀನಿ. ಲೆಕ್ಕ ಸರಳ ಗುರು."

ಲೆಕ್ಕ ಸರಳವೇ. ಕೂಗಬೇಕಾದ್ದು ಒಂದೇ ಹೆಸರು, ಆ ಹೆಸರನ್ನು ಅವನು ಕೊನೆಯ ಸಲ ಕೂಗಿದ್ದು ಸ್ನಾನಗೃಹದ ಅಂಗಳದಲ್ಲಿ. ಮುತ್ತಿಗೆ ಬಿಗಿದು, ನಾಯಿ ಮುಗಿದು, ಇಲಿ ಮುಗಿದು, ಜನ ತುರಿಕೆ ಸೊಪ್ಪನ್ನು ಬೇಯಿಸಿ ತಿಂದು ನಡೆಯುತ್ತ ನಡೆಯುತ್ತಲೇ ಸಾಯುತ್ತಿದ್ದ ಕಾಲ. ಅಕ್ವಿಲೊನ ಪಕ್ಕೆಲುಬುಗಳನ್ನೂ ಎಣಿಸಬಹುದಿತ್ತು. ಅಂಗಳದಲ್ಲಿ ಜನ ಬಟ್ಟಲು ಹಿಡಿದು ನಿಂತಿದ್ದರು, ಸದ್ದಿಲ್ಲದೆ. ನೀಲಿಯವರು ಹಸಿರಿನವರು ಒಂದೇ ಸಾಲಿನಲ್ಲಿ ನಿಂತದ್ದು ರೋಮಿನಲ್ಲಿ ಅದೇ ಮೊದಲು. ಕುದುರೆ ಬಾಗಿಲ ಆಚೆ ನಿಂತು ಒಳಗೆ ಬರಲು ಒಪ್ಪಲಿಲ್ಲ. ಯಾರು ಎಳೆದರೂ ಬರಲಿಲ್ಲ. ಎಲ್ಲರೂ ಉರ್ಸೊನ ಕಡೆ ನೋಡಿದರು. ಅವನು ಕೂಗಿದ. ಜೋರಾಗಿ ಕೂಡ ಅಲ್ಲ. ಕುದುರೆ ಕಿವಿ ನೆಟ್ಟಗೆ ಮಾಡಿ, ಓಟಕ್ಕೆ ಹೊರಟಂತೆ ಕತ್ತು ಎತ್ತಿ, ಟಪ್ ಟಪ್ ಎಂದು ಅಮೃತಶಿಲೆಯ ಮೇಲೆ ಹೆಜ್ಜೆ ಹಾಕುತ್ತ ನೇರ ಅವನ ಎದೆಗೆ ಬಂದು ಮೂತಿ ತಾಗಿಸಿತು. ರಥಕ್ಕೆ ಕಟ್ಟುವ ಮುನ್ನ ಎತ್ತುವ ಹಾಗೆ ಮುಂಗಾಲನ್ನೂ ಎತ್ತಿ ನಿಂತಿತು. ಆಮೇಲೆ ಪ್ರೊಯೆಕ್ಟಳ ಹಂಡೆ, ಆವಿ, ಉಪ್ಪಿಲ್ಲದ ಸಾರು. ಉರ್ಸೊನ ಬಟ್ಟಲಿಗೆ ಬಿದ್ದದ್ದು ಆ ಮುಂಗಾಲಿನ ತುಂಡು. ರುಚಿಯಾಗಿತ್ತು. ಇಷ್ಟು ಚಳಿಗಾಲ ಕಳೆದರೂ ಅವನು ತನಗೆ ತಾನೇ ಹೇಳಿಕೊಳ್ಳಲಾರದ ಮಾತು ಅದೊಂದೇ. ರುಚಿಯಾಗಿತ್ತು.

"ಏಯ್, ಅಲ್ನೋಡು, ನಿಮ್ ಗೋಥಪ್ಪ ಬಂದ" ಎಂದು ಪ್ರೊಯೆಕ್ಟ ಮೊಣಕೈಯಿಂದ ತಿವಿದಳು.

ಆಚೆ ದಡದ ಮೇಲುಗಟ್ಟೆಯಲ್ಲಿ ವಿಲ್ಯಾರಿತ್ ಬಂದು ಕೂತ. ಯಜಮಾನಿಕೆ ವಹಿಸಿದವನು ಬಿಳಿ ಬಟ್ಟೆಯನ್ನು ಕೆಳಕ್ಕೆ ಬಿಟ್ಟೊಡನೆ ಬಾಗಿಲುಗಳು ತೆರೆಯಬೇಕು, ರಥಗಳು ಹೊರಡಬೇಕು. ಅವನ ಕೈಗೆ ಬಟ್ಟೆ ಕೊಟ್ಟರು. ಇದು ಯಾಕೆ ಎಂದು ಯಾರೂ ಹೇಳಿರಲಿಲ್ಲವೋ ಏನೋ, ಅವನು ಅದರಿಂದ ಹಣೆ ಒರೆಸಿಕೊಂಡ, ಮೂಗು ಒರೆಸಿಕೊಂಡ, ಆಮೇಲೆ ಮಡಿಲ ಮೇಲೆ ಹಾಕಿಕೊಂಡ. ಬಟ್ಟೆ ಕೆಳಕ್ಕೆ ಬಂದದ್ದೇ ತಡ ಬಾಗಿಲು ಕಾಯುವವನು ಗಡಬಡಿಸಿ ಅಗಳಿ ಎಳೆದ. ಎರಡು ರಥ ಧೂಳೆಬ್ಬಿಸಿ ಹೊರಬಿದ್ದವು, ವಿಲ್ಯಾರಿತ್ ಇದೇನಾಯಿತೆಂದು ಬೆಚ್ಚಿ ಎದ್ದುನಿಂತ. "ಸಿಂಬಳದಲ್ಲಿ ಶುರುವಾದ ಓಟ ಇದೇ ಮೊದಲು ಕಣ್ರೋ!" ಎಂದು ನೀಲಿಯವರ ಕಡೆಯಿಂದ ಒಬ್ಬ ಕೂಗಿದ. ನಗೆ ಎದ್ದಿತು. ಚದುರಿ ಕೂತ ಜನರ ನಗೆ, ಅಲ್ಲೊಂದು ಇಲ್ಲೊಂದು, ಉದುರಿದ ಹಲ್ಲಿನ ಬಾಯಿಯ ಹಾಗೆ. ಆದರೂ ಆ ನಗೆಯ ಸದ್ದಿಗೇ ಗಿರಣಿ ಕುದುರೆ ಓಡುತ್ತಿತ್ತು. ಮೊದಲ ತಿರುವಿನಲ್ಲಿ ಅದು ಕಂಬಕ್ಕೆ ದಾರ ಸುತ್ತಿದ ಹಾಗೆ ಸುತ್ತಿತು. ನೀಲಿಯವರ ರಥಕ್ಕೆ ಕಟ್ಟಿದ್ದು ನಾಲ್ಕೂ ದಂಡಿನ ಕುದುರೆ, ನೇರ ದಾರಿಯಲ್ಲಿ ಬಾಣ, ತಿರುವಿನಲ್ಲಿ ಮಾತ್ರ ಅರ್ಧ ಅಂಗಳ ದಾಟಿ ಹೊರಕ್ಕೆ ಹೋದವು. ಒಂದು ಸೋರೆಬುರುಡೆ ಇಳಿಸಿದರು. ಹಸಿರು ಮುಂದೆ.

ಆಮೇಲೆ ನಗೆ ನಿಂತಿತು. ಈಗ ಕೂಗು ಬೇಕು. ಹಸಿರಿನ ಸಾಲುಗಳಲ್ಲಿ ಕೂತಿದ್ದವರೆಲ್ಲ ಒಬ್ಬೊಬ್ಬರಾಗಿ ಉರ್ಸೊನ ಕಡೆ ತಿರುಗಿದರು. ಅದೇ ನೋಟ. ಬಟ್ಟಲು ಹಿಡಿದು ನಿಂತವರ ನೋಟ. ಅವನು ಎದೆ ತುಂಬ ಗಾಳಿ ಎಳೆದುಕೊಂಡ, ಬಾಯಿ ತೆರೆದ. ನಾಲಗೆಯ ಮೇಲೆ ಹೆಸರಿನ ಮೊದಲ ಅಕ್ಷರ ಕೂತಿತ್ತು. ಅದರ ಹಿಂದೆಯೇ ಅಮೃತಶಿಲೆಯ ಮೇಲಿನ ಟಪ್ ಟಪ್, ಎದೆಗೆ ತಾಗಿದ ಬೆಚ್ಚನೆಯ ಮೂತಿ. ಕರೆದರೆ ಬರುತ್ತಾನೆ. ಬಂದರೆ ನಾನು ಏನು ಮಾಡಲಿ. ಬಾಯಿ ತೆರೆದೇ ಇತ್ತು, ಅದರಿಂದ ಬಂದದ್ದು ಗಾಳಿ ಮಾತ್ರ. ಇಡೀ ಅಂಗಳದಲ್ಲಿ ಚಕ್ರಗಳ ಸದ್ದು ಬಿಟ್ಟರೆ ಏನಿಲ್ಲ. ಎರಡನೇ ಸುತ್ತಿನಲ್ಲಿ ನೀಲಿ ರಥ ಮುಂದೆ ಹಾಯಿತು. ಮೂರನೆಯ ಸುತ್ತಿಗೆ ಬರುತ್ತಿದ್ದ ಹಾಗೆ ಬೂದು ಕುದುರೆ ನಿಧಾನವಾಯಿತು, ಇನ್ನೂ ನಿಧಾನವಾಯಿತು, ಸರಿಯಾಗಿ ಉರ್ಸೊನ ಕೆಳಗೆ ಬಂದು, ಬೀಸಿದ್ದು ಆಯಿತು ಎಂಬಂತೆ ನಿಂತುಬಿಟ್ಟಿತು. ಉಳಿದ ಮೂರೂ ಅದಕ್ಕೆ ಡಿಕ್ಕಿ ಹೊಡೆದು ನಿಂತವು. ಗೌದಿಯೋಸ ಚಾಟಿ ಎತ್ತಲಿಲ್ಲ. ಕತ್ತು ಹೊರಳಿಸಿ ಮೇಲೆ ನೋಡಿದ. ಬೈಗುಳ ಇರಲಿಲ್ಲ ಆ ಮುಖದಲ್ಲಿ. ಏನಾಯ್ತೋ, ಹುಷಾರಾಗಿದ್ದೀಯ ತಾನೆ, ಎಂದು ಕೇಳುವ ಮುಖ. ಅದನ್ನು ನೋಡಲಾರದೆ ಉರ್ಸೊ ಕೆಳಕ್ಕೆ, ತನ್ನ ಪಾದಗಳ ಕಡೆ ನೋಡಿದ.

"ಕೂಗೋ!" ಎಂದಳು ಪ್ರೊಯೆಕ್ಟ.

ಅವನು ಆಗದೆಂದು ತಲೆಯಾಡಿಸಿದ.

"ಎದುರಾಳಿ ಇಲ್ದೆ ಗೆದ್ರೆ ನಮ್ಗೇನ್ಲೇ ಮರ್ಯಾದೆ? ಇಷ್ಟ್ ವರ್ಷ ಆದ್ಮೇಲೆ ಒಂದ್ ಓಟ ಸಿಕ್ಕಿದೆ, ಅದನ್ನೂ ಹೆಣದ ಮನೆ ಮಾಡ್ತೀಯಾ? ಕೂಗು ಅಂದ್ರೆ!"

"ಆಗಲ್ಲಮ್ಮ. ಆ ಹೆಸರು ಬರಲ್ಲ."

ಮುದುಕಿ ಎದ್ದಳು. ಕಡಲೆ ಚೆಲ್ಲಿತು. ಇಷ್ಟು ಕೃಶವಾದ ಮೈಯಲ್ಲಿ ಎಲ್ಲಿತ್ತೋ ಆ ದನಿ. ಮೂವತ್ತು ವರ್ಷ ಇದೇ ಅಂಗಳದಲ್ಲಿ ಕಡಲೆ ಮಾರಿ, ಲಕ್ಷ ಜನರ ಗದ್ದಲದ ಮೇಲೆ ತೇಲಿಸಿ ತೇಲಿಸಿ ಹದಮಾಡಿದ ದನಿ. "ಅವನನ್ನ ತಿಂದಿದ್ದೀಯಲ್ಲೋ! ಆ ಋಣಕ್ಕಾದ್ರೂ ಕೂಗು!"

ಖಾಲಿ ಅಂಗಳ ಆ ಮಾತನ್ನು ಎತ್ತಿಕೊಂಡು ಆಚೆ ದಡಕ್ಕೆ ಒಯ್ದು, ತಿರುವಿಗೆ ಒಯ್ದು, ಮರಳಿ ತಂದು, ಒಬ್ಬರ ಕಿವಿಗೂ ತಪ್ಪದಂತೆ ಹಂಚಿತು. ತಿಂದಿದ್ದೀಯಲ್ಲೋ. ತಿಂದಿದ್ದೀಯಲ್ಲೋ. ಕೆಳಗೆ ಗೌದಿಯೋಸನ ಕೈಯಲ್ಲಿ ಚಾಟಿ ಸಡಿಲವಾದದ್ದು ಉರ್ಸೊನಿಗೆ ಕಂಡಿತು. ಮುಗಿಯಿತು, ಎಂದುಕೊಂಡ. ಎಷ್ಟು ವರ್ಷಗಳಿಂದ ಇದಕ್ಕೆ ಹೆದರಿ ಪಿಸುಮಾತಿನಲ್ಲಿ ಬದುಕಿದ್ದ. ಇದು ಆದ ಗಳಿಗೆಯಲ್ಲಿ ನೆಲ ಬಾಯಿ ಬಿಡುತ್ತದೆ ಎಂದುಕೊಂಡಿದ್ದ. ನೆಲ ಹಾಗೇ ಇತ್ತು. ಬಿಸಿಲು ಹಾಗೇ ಇತ್ತು. ವಿಚಿತ್ರವೆಂದರೆ ಹೆದರಿಕೆ ಇದ್ದ ಜಾಗ ಥಟ್ಟನೆ ಖಾಲಿಯಾಗಿ, ಅಲ್ಲಿಗೆ ಮೊದಲಿನ ಉರ್ಸೊ, ಮೇಜು ಹತ್ತುವವನು, ದನಿ ಕದಿಯುವವನು, ಹಳೆ ಬಾಡಿಗೆದಾರನ ಹಾಗೆ ಗಂಟುಮೂಟೆ ಸಮೇತ ಬಂದು ಕೂತ.

"ಹೌದು!" ಎಂದ. ದನಿ ಒಡೆದಿತ್ತು, ಆದರೆ ದೊಡ್ಡದಾಗಿತ್ತು. "ತಿಂದೆ! ಮುಂಗಾಲು ತಿಂದೆ! ನೀನೇ ಬಡಿಸಿದ್ದು! ನೀನೇನ್ ತಿಂದೆ, ಅದನ್ನೂ ಹೇಳು!"

"ಎದೆ!" ಎಂದಳು ಪ್ರೊಯೆಕ್ಟ, ಸೊಂಟದ ಮೇಲೆ ಕೈಯಿಟ್ಟು. "ಬಡಿಸ್ದೋಳು ನಾನು, ಒಳ್ಳೆ ತುಂಡು ನಂಗೆ ತಾನೆ!"

ಆಮೇಲೆ ನೀಲಿಯವರ ಸಾಲಿನಿಂದ ಕಂಬಳಿ ಹೊದ್ದ ಮುದುಕ ಎದ್ದು, "ನಮ್ಮನೇಗೆ ಬೆನ್ನು ಬಂದಿತ್ತು" ಎಂದ, ಸಾಕ್ಷಿ ಹೇಳುವವನ ಹಾಗೆ. "ನಾಲ್ಗೆ! ನಾಲ್ಗೆ ನಮ್ದು!" ಎಂದು ಹಸಿರಿನ ಕಡೆಯ ಒಬ್ಬಳು. "ನಂಗೆ ಬರೀ ಸಾರು ಕಣ್ರಪ್ಪ, ತುಂಡು ಒಂದೂ ಬರ್ಲಿಲ್ಲ, ಇವತ್ತಿಗೂ ಹೊಟ್ಟೆ ಉರೀತದೆ!" "ಬಾಲ ಯಾರಿಗ್ ಬಂತು?" "ಬಾಲ ನಮ್ಮತ್ತೆಗೆ, ಅದಕ್ಕೇ ಇನ್ನೂ ಬೀಸ್ತಾ ಇದಾಳೆ!" ನಗೆ ಸಿಡಿಯಿತು. ಈ ಸಲ ಅಲ್ಲೊಂದು ಇಲ್ಲೊಂದು ಅಲ್ಲ. ಇಷ್ಟು ದಿನ ಒಬ್ಬರ ಮುಖ ಒಬ್ಬರು ನೋಡದೆ, ಬಾವಿಕಟ್ಟೆಯಲ್ಲಿ ತಲೆ ತಗ್ಗಿಸಿ ನೀರು ಸೇದಿಕೊಂಡು ಹೋಗುತ್ತಿದ್ದವರೆಲ್ಲ ಒಟ್ಟಿಗೆ ನಗುತ್ತಿದ್ದರು. ಒಬ್ಬಿಬ್ಬರು ಕಣ್ಣು ಒರೆಸಿಕೊಳ್ಳುತ್ತಿದ್ದರು, ಅದು ನಗೆಗೋ ಇನ್ನೊಂದಕ್ಕೋ. ಉರ್ಸೊನ ಮೈಯೊಳಗೆ, ಮೊಣಕಾಲಿನಿಂದ ಮೇಲಕ್ಕೆ, ಏನೋ ಒಂದು ಹೆಜ್ಜೆ ಹಾಕುತ್ತ ಬಂತು. ಟಪ್ ಟಪ್. ಅವನ ಕಾಲಲ್ಲೇ ನಾನು ಇಲ್ಲಿಯತನಕ ನಡೆದು ಬಂದದ್ದು. ಈ ಮುದುಕಿಯ ಎದೆಯಲ್ಲಿ ಉಸಿರಾಡುತ್ತಿರುವುದು ಯಾರು. ಅವನನ್ನು ಕರೆಯಲು ಹೆದರಿದೆನಲ್ಲ, ಅವನು ಹೋದದ್ದಾದರೂ ಯಾವಾಗ.

"ಹಂಗಾದ್ರೆ ಅಕ್ವಿಲೊ ಸತ್ತ ಅಂದೋನ್ ಯಾವನು?" ಎಂದು ಗರ್ಜಿಸಿದ. "ನಾನೇ ಅಂದಿದ್ದೆ! ಸುಳ್ಳು! ಪೂರಾ ಇಲ್ಲೇ ಕೂತಿದಾನೆ! ಕಾಲು ಇಲ್ಲಿ, ಬೆನ್ನು ಅಲ್ಲಿ, ನಾಲ್ಗೆ ಅಲ್ಲಿ! ಏಳ್ರೋ! ಎಲ್ಲ ಏಳ್ರಿ! ಕುದುರೆ ಕೂತ್ಕೊಂಡ್ ಓಡಲ್ಲ!"

ಎದ್ದರು. ನೀಲಿ ಎದ್ದಿತು, ಹಸಿರು ಎದ್ದಿತು.

"ಅಕ್ವಿಲೊ!"

"ಗೆಲ್ಲು!"

"ಅಕ್ವಿಲೊ!"

"ಗೆಲ್ಲು! ಗೆಲ್ಲು!"

ಬೂದು ಕುದುರೆ ಕಿವಿ ನೆಟ್ಟಗೆ ಮಾಡಿತು. ಗೌದಿಯೋಸ ಒಂದು ಗಳಿಗೆ ಮೇಲೆ ನೋಡುತ್ತಲೇ ನಿಂತಿದ್ದ, ಧೂಳಿನ ಮುಖದಲ್ಲಿ ಎರಡು ಕಣ್ಣು. ಆಮೇಲೆ ಬಾಗಿ ಲಗಾಮು ಬಿಗಿದ. ಹೊರಟಿತು ರಥ. ಈ ಗದ್ದಲಕ್ಕೆ ಬೆಪ್ಪಾಗಿ ಲಗಾಮು ಹಿಡಿದಿದ್ದ ನೀಲಿ ಅರ್ಧ ಸುತ್ತು ಮುಂದಿತ್ತು, ಇರಲಿ. ಪ್ರತಿ ನೇರ ದಾರಿಯಲ್ಲಿ ದಂಡಿನ ಕುದುರೆಗಳು ಹಾರುತ್ತಿದ್ದವು, ಪ್ರತಿ ತಿರುವಿನಲ್ಲಿ ಅಗಲಕ್ಕೆ ಹೋಗಿ ಹಾರಿದ್ದನ್ನೆಲ್ಲ ಚೆಲ್ಲುತ್ತಿದ್ದವು. ಗಿರಣಿಯವನು ಮಾತ್ರ ಕಂಬ ಕಂಡಾಗಲೆಲ್ಲ ಮನೆ ಸಿಕ್ಕಿದವನಂತೆ ಅದನ್ನು ತಬ್ಬಿಕೊಂಡೇ ತಿರುಗುತ್ತಿದ್ದ, ಉಳಿದ ಮೂರನ್ನೂ ಜೊತೆಗೆ ಎಳೆದು ತಿರುಗಿಸುತ್ತಿದ್ದ. ಸೋರೆಬುರುಡೆಗಳು ಇಳಿಯುತ್ತಿದ್ದವು. ಪ್ರೊಯೆಕ್ಟ ನೀಲಿ ಶಾಲು ಬಿಚ್ಚಿ ತಲೆಯ ಮೇಲೆ ತಿರುಗಿಸುತ್ತ, ಯಾರ ಹೆಸರು ಕೂಗುತ್ತಿದ್ದೇನೆ ಎಂಬುದು ಥಟ್ಟನೆ ನೆನಪಾಗಿ, "ನಾನು ಕುದುರೆಗೆ ಕೂಗ್ತಿರೋದು, ನಿಮ್ ಬಣಕ್ಕಲ್ಲ!" ಎಂದು ಅವನ ಕಿವಿಯಲ್ಲಿ ಕಿರುಚಿ, ಮತ್ತೆ ಕೂಗಿದಳು. ಆಚೆ ಕಟ್ಟೆಯಲ್ಲಿ ವಿಲ್ಯಾರಿತ್ ಆ ಬಿಳಿ ಬಟ್ಟೆಯನ್ನು ಎರಡೂ ಕೈಯಲ್ಲಿ ಹಿಂಡುತ್ತ ನಿಂತಿದ್ದ, ಅವನ ಸೈನಿಕರು ಯಾವ ಬಣವೆಂದು ಗೊತ್ತಿಲ್ಲದೆ ಗುರಾಣಿ ಬಡಿಯುತ್ತಿದ್ದರು. ಕೊನೆಯ ತಿರುವಿನಲ್ಲಿ ನೀಲಿ ರಥ ಹೊರಕ್ಕೆ ಜಾರಿತು, ಕಂಬಕ್ಕೂ ಅದಕ್ಕೂ ನಡುವೆ ಒಂದು ಬೂದು ಬಣ್ಣದ ಕಿವಿ ಕಾಣಿಸಿತು, ಆಮೇಲೆ ಕತ್ತು, ಆಮೇಲೆ ಹಸಿರು ಅಂಗಿಯ ಗೌದಿಯೋಸ. ಗೆದ್ದದ್ದು ಒಂದು ಕತ್ತಿನಷ್ಟು. ಗೆದ್ದ ಮೇಲೂ ರಥ ನಿಲ್ಲಲಿಲ್ಲ, ಯಾಕೆಂದರೆ ಕೂಗು ನಿಲ್ಲಲಿಲ್ಲ. ಇನ್ನೂ ಒಂದು ಸುತ್ತು ಬಿಟ್ಟಿಯಾಗಿ ಓಡಿತು.

ಕೂಗಿ ಕೂಗಿ ಜನ ಸುಸ್ತಾಗಿ ಉಸಿರು ತೆಗೆದುಕೊಂಡಾಗ ಕುದುರೆ ಮತ್ತೆ ಸರಿಯಾಗಿ ಉರ್ಸೊನ ಕೆಳಗೇ ಬಂದು ನಿಂತಿತು. ಗೌದಿಯೋಸ ಸೊಂಟದ ಲಗಾಮು ಬಿಚ್ಚಿ, ಕಟಕಟೆ ಹತ್ತಿ, ಮೆಟ್ಟಿಲೇರಿ ಬಂದ. ನಗುತ್ತಿದ್ದ ಜನ ದಾರಿ ಬಿಟ್ಟರು. ಅವನ ಮೈಯಿಂದ ಬೆವರು, ಚರ್ಮ, ಬಾರ್ಲಿ ಎಲ್ಲದರ ವಾಸನೆ ಬರುತ್ತಿತ್ತು. ಉರ್ಸೊ ಕಪಾಳ ಒಡ್ಡಿಕೊಂಡು ನಿಂತ.

"ಅಂಜೂರದ ಮರದ ಕೆಳಗೆ ಏನಿದೆ ಮತ್ತೆ?"

"ಮೂಳೆ" ಎಂದ ಉರ್ಸೊ. "ಒಂದೂ ಬಿಡದೆ ತಂದು ಹೂತೆ. ಅಷ್ಟು ಮಾತ್ರ ನಿಜ ಹೇಳಿದ್ದೆ."

ಗೌದಿಯೋಸ ಬಹಳ ಹೊತ್ತು ಅವನ ಕಾಲುಗಳನ್ನೇ ನೋಡಿದ. ಬಲಗಾಲು, ಎಡಗಾಲು, ಕೊಳ್ಳುವ ಕುದುರೆಯನ್ನು ನೋಡುವ ಹಾಗೆ.

"ನಂಗೊಂದು ತುತ್ತು ಎತ್ತಿಡಬಾರದಿತ್ತೇನೋ?" ಎಂದ. "ಅಲ್ಲಿ ಈರುಳ್ಳಿ ತಿಂದೂ ತಿಂದೂ ಸತ್ತೆ ನಾನು."

ಅದು ಕ್ಷಮೆಯೋ, ಸಿಟ್ಟೋ, ಆಮೇಲೆ ತೀರಿಸಿಕೊಳ್ಳಬೇಕಾದ ಬಾಕಿಯೋ ಉರ್ಸೊನಿಗೆ ತಿಳಿಯಲಿಲ್ಲ. ತಿಳಿಯುವ ಮೊದಲೇ ಪ್ರೊಯೆಕ್ಟ ಚೆಲ್ಲಿದ ಕಡಲೆಯಲ್ಲಿ ಉಳಿದಷ್ಟನ್ನು ಬಟ್ಟಲಿಗೆ ಬಳಿದು ಸಾರಥಿಯ ಕೈಗೆ ತುರುಕಿದಳು. ಅವನು ಒಂದು ಹಿಡಿ ಬಾಯಿಗೆ ಹಾಕಿಕೊಂಡು, ಇನ್ನೊಂದು ಹಿಡಿಯನ್ನು ಉರ್ಸೊನ ಮುಂದೆ ಚಾಚಿದ. ಉರ್ಸೊ ತಿಂದ. ಉಪ್ಪು ಇತ್ತು.

"ಕೂಗು" ಎಂದ ಗೌದಿಯೋಸ, ಕೆಳಗೆ ನಿಂತ ಬೂದು ಕುದುರೆಯನ್ನು ತೋರಿಸುತ್ತ. "ನೀನು ಕೂಗ್ದೇ ಇದ್ರೆ ಆ ಮಹಾರಾಯ ಲಾಯಕ್ಕೂ ಬರಲ್ಲ."

ಪ್ರೊಯೆಕ್ಟ ಗೊಣಗುತ್ತ ಕಲ್ಲಿನಿಂದ ಪಕ್ಕಕ್ಕೆ ಸರಿದಳು. "ನಿಂತ್ಕೊ, ನಿಂತ್ಕೊ. ಬಿಸಿಲೂ ಹೋಯ್ತು. ನಾಳೆ ಬಾರ್ಲಿ ಬಿತ್ತಿದ್ರೂ ಈ ಕಲ್ಲಿನ ಮೇಲೇನ್ ಬಿತ್ತಲ್ಲ." ಉರ್ಸೊ ಕಲ್ಲು ಹತ್ತಿದ. ಅಪ್ಪನ ಗುಳಿಯಲ್ಲಿ, ಅಜ್ಜನ ಗುಳಿಯಲ್ಲಿ ಹಿಮ್ಮಡಿ ಹೋಗಿ ಸರಿಯಾಗಿ ಕೂತಿತು. ಅಂಗಳ ಅವನ ಮುಂದೆ ಎರಡೂ ತೋಳು ಚಾಚಿ ಬಿದ್ದಿತ್ತು, ಖಾಲಿ, ಅಗಾಧ, ಕಿವಿಗೊಟ್ಟುಕೊಂಡು. ಅವನು ಎದೆ ತುಂಬಿಕೊಂಡು ಆ ಹೆಸರನ್ನು ಎಸೆದ. ಅದು ಹೋಯಿತು, ಓಟದ ಹಾದಿ ದಾಟಿತು, ಸೋರೆಬುರುಡೆಗಳನ್ನು ದಾಟಿತು, ಆಚೆ ದಡದ ಒಂದೊಂದೇ ಸಾಲನ್ನು ಮುಟ್ಟಿ ಎಬ್ಬಿಸುತ್ತ ಮೇಲಕ್ಕೆ ಏರಿತು. ಮರಳಿ ಬಂದದ್ದು ಒಬ್ಬನ ದನಿಯಾಗಿರಲಿಲ್ಲ. ಖಾಲಿ ಕಲ್ಲುಗಳೆಲ್ಲ, ಕೂತು ಹೋದವರೆಲ್ಲ, ಒಟ್ಟಿಗೆ ಉತ್ತರ ಕೊಟ್ಟ ಹಾಗಿತ್ತು. ಬೂದು ಕುದುರೆ ಕತ್ತೆತ್ತಿ ಹೆಜ್ಜೆ ಹಾಕಿತು. ಆಚೆ ಮಲಗಿದ್ದ ಎರಡು ಮೇಕೆಗಳೂ ಎದ್ದು ನಿಂತವು.